ಕಣ್ಣಿನ ಗಾಯಗಳು: ಕಾರಣ ಮತ್ತು ಬಗೆ

ಹೊರಗಿನಿಂದ ಬಂದ ಪೆಟ್ಟು, ಚೂಪಾದ ವಸ್ತು, ಬೆಂಕಿ, ರಾಸಾಯನಿಕ ಇಲ್ಲವೇ ಪ್ರಖರ ಕಿರಣದಿಂದ ಕಣ್ಣುಗುಡ್ಡೆಗೆ, ರೆಪ್ಪೆಗೆ, ಕಣ್ಣಿನ ಸುತ್ತಲ ಮೂಳೆಗೆ ಆಗುವ ಹಾನಿಗೆ ವೈದ್ಯಶಾಸ್ತ್ರದಲ್ಲಿ ನೇತ್ರಾಘಾತ ಎಂದು ಹೆಸರು. ದೇಹದ ಮೇಲ್ಮೈಯಲ್ಲಿ ಕಣ್ಣಿನ ಪಾಲು ಸುಮಾರು ಸಾವಿರದಲ್ಲಿ ಒಂದು. ಹುಬ್ಬು, ಮೂಗಿನ ಬುಡ, ಕೆನ್ನೆಯ ಮೂಳೆ ಮೂರೂ ಅದನ್ನು ಸುತ್ತುಗಟ್ಟಿ ಕಾಯುತ್ತವೆ. ಏನಾದರೂ ಎದುರು ಬಂದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಕಾವಲಿದ್ದರೂ ಗಾಯಗಳ ಲೆಕ್ಕ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕ್ರಮಕ್ಕಾಗಿ ನೆಗ್ರೆಲ್ ಮತ್ತು ಥೈಲೆಫೋರ್ಸ್ 1998ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಒಂದು ದಿನಕ್ಕಿಂತ ಹೆಚ್ಚು ಕೆಲಸ ಕೆಡಿಸುವಂಥ ಕಣ್ಣಿನ ಗಾಯ ಜಗತ್ತಿನಲ್ಲಿ ವರ್ಷಕ್ಕೆ 5.5 ಕೋಟಿ ಆಗುತ್ತದೆ. 7.5 ಲಕ್ಷ ಪ್ರಕರಣಗಳಲ್ಲಿ ಗಾಯಾಳು ಆಸ್ಪತ್ರೆ ಸೇರಬೇಕಾಗುತ್ತದೆ; ಸುಮಾರು 2 ಲಕ್ಷ ಕಣ್ಣುಗಳು ಸೀಳಿ ಅಥವಾ ಒಡೆದು ತೆರೆದುಕೊಳ್ಳುತ್ತವೆ. ಗಾಯದ ಕಾರಣಕ್ಕೆ ಪೂರ್ತಿ ಅಂಧರಾಗಿ ಬದುಕುತ್ತಿದ್ದವರು ಆಗ ಸುಮಾರು 16 ಲಕ್ಷ. ಒಂದು ಕಣ್ಣು ಹೋದವರು ಅಥವಾ ಮಂದವಾದವರು ಸುಮಾರು 1.9 ಕೋಟಿ.

ಇಂಥ ಗಾಯವನ್ನು ಗ್ರಹಚಾರ ಎಂದು ಒಪ್ಪಿಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ಯಾರಿಗೆ, ಯಾವ ಕೆಲಸದಲ್ಲಿ, ಯಾವ ತಿಂಗಳಲ್ಲಿ, ಯಾವ ವಸ್ತುವಿನಿಂದ ಎಂದು ಬರೆದಿಡುತ್ತ ಹೋದರೆ ಗಾಯಗಳು ಮತ್ತೆ ಮತ್ತೆ ಒಂದೇ ದಾರಿ ಹಿಡಿದು ಬರುವುದು ಕಾಣುತ್ತದೆ. ಗಾಯಾಳುಗಳಲ್ಲಿ ಗಂಡಸರು ಹೆಂಗಸರಿಗಿಂತ ಹಲವು ಪಟ್ಟು ಹೆಚ್ಚು. ಮಕ್ಕಳು ಮತ್ತು ದುಡಿಯುವ ವಯಸ್ಸಿನ ಯುವಕರು ಒಂದು ಗುಂಪು. ಬಿದ್ದು ಪೆಟ್ಟು ಮಾಡಿಕೊಳ್ಳುವ ಮುದುಕರು ಮತ್ತೊಂದು. ಮುದುಕರಲ್ಲಿ ಹಿಂದೆ ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣು ಆ ಹಳೆಯ ಕೊಯ್ತದ ಗೆರೆಯಲ್ಲೇ ಬಾಯಿಬಿಡಬಹುದು. ಕೈಯಲ್ಲಿ ಯಾವ ಉಪಕರಣವಿದೆ ಎಂದು ಹೇಳಿದರೆ, ಕಣ್ಣಿನ ಯಾವ ಭಾಗ ಹೇಗೆ ಕೆಟ್ಟಿರಬಹುದು ಎಂದು ಅನುಭವಿ ವೈದ್ಯರು ದೀಪ ಹಾಕಿ ನೋಡುವ ಮೊದಲೇ ಊಹಿಸಬಲ್ಲರು.

ಊರು ಬದಲಾದಂತೆ ಗಾಯವೂ

ಊರು ಬದಲಾದಂತೆ ಗಾಯವೂ ಬದಲಾಗುತ್ತದೆ ಎಂಬ ಮಾತಿಗೆ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿ ಒಳ್ಳೆಯ ನಿದರ್ಶನ. ಹಿಂದೆ ಬೆಂಗಳೂರಿನ ದಕ್ಷಿಣದ ಅಂಚಿಗಿದ್ದ ಹಳ್ಳಿ ಇದು. ಇಂದು ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆ, ವಿಜಯಾ ಬ್ಯಾಂಕ್ ಬಡಾವಣೆ, ಅರಕೆರೆಗಳ ನಡುವೆ ಎಲ್ಲೆ ಗುರುತಿಸಲಾಗದಂತೆ ಸೇರಿಹೋಗಿದೆ. ರಾಗಿ ಬೆಳೆಯುವ ಸೀಮೆಯಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಕಣದಲ್ಲಿ ತೂರುವಾಗ ಹಾರಿದ ಹೊಟ್ಟು, ಬೇಲಿಯ ಜಾಲಿ ಮುಳ್ಳು, ಜೋಳದ ಗರಿ, ಎತ್ತು ತಲೆ ಕೊಡವಿದಾಗ ತಾಗಿದ ಕೊಂಬು. ಗ್ರಾಮೀಣ ತಮಿಳುನಾಡಿನಲ್ಲಿ 40 ದಾಟಿದವರನ್ನು ಪರೀಕ್ಷಿಸಿದ ಅರವಿಂದ್ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 4.5ರಷ್ಟು ಮಂದಿ ಕಣ್ಣಿಗೆ ಹಿಂದೆ ಗಾಯವಾಗಿತ್ತು ಎಂದರು. ಆ ಗಾಯಗಳಲ್ಲಿ ಹತ್ತಿರ ಹತ್ತಿರ ಅರ್ಧ ಹೊಲದ ಕೆಲಸದಲ್ಲಿ ಆದವು. ಆನೇಕಲ್, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಇಂಥ ಗಾಯ ಇಂದಿಗೂ ತಪ್ಪಿಲ್ಲ.

ಹೊಲ ಹೋಗಿ ಅಪಾರ್ಟ್‌ಮೆಂಟ್ ಬಂದ ಕಡೆ ಗಾಯ ಕಡಿಮೆಯಾಗಲಿಲ್ಲ, ಬೇರೆಯಾಯಿತು. ಒಂದು ಮನೆ ಏಳಬೇಕಾದರೆ ಕಬ್ಬಿಣ ಕತ್ತರಿಸುವವರು, ಗ್ರಿಲ್ ಬೆಸೆಯುವವರು, ಟೈಲ್ಸ್ ಮತ್ತು ಗ್ರಾನೈಟ್ ಕೊಯ್ಯುವವರು, ಗೋಡೆ ಕೊರೆದು ಪೈಪು ಕೂರಿಸುವವರು, ಸಿಮೆಂಟ್ ಕಲಸುವವರು, ಪೇಂಟ್ ಉಜ್ಜುವವರು ಬೇಕು. ಇವರಲ್ಲಿ ಒಬ್ಬೊಬ್ಬರ ಕೆಲಸವೂ ಕಣ್ಣಿಗೆ ಅಪಾಯದ್ದೇ. ಇದೇ ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೊ ಗುಲಾಬಿ ಮಾರ್ಗದ ಕಂಬಗಳೆದ್ದವು. ವರ್ಷಗಟ್ಟಲೆ ಆ ದೂಳಿನಲ್ಲಿ ಲಕ್ಷಾಂತರ ದ್ವಿಚಕ್ರ ಸವಾರರು ಓಡಾಡಿದರು. ದಕ್ಷಿಣಕ್ಕೆ ಜಿಗಣಿಯಲ್ಲಿ ಗ್ರಾನೈಟ್ ಕಾರ್ಖಾನೆಗಳು, ಬೊಮ್ಮಸಂದ್ರದಲ್ಲಿ ಯಂತ್ರಭಾಗಗಳ ಘಟಕಗಳು. ನಗರ ಬೆಳೆದ ದಾರಿಯಲ್ಲೇ ಕಣ್ಣಿನ ಗಾಯವೂ ಬೆಳೆದಿದೆ.

ವೈದ್ಯರ ವಿಂಗಡಣೆ

1996ರಲ್ಲಿ ಫೆರೆಂಕ್ ಕೂನ್ ಮತ್ತು ಸಂಗಡಿಗರು ರೂಪಿಸಿದ ಬರ್ಮಿಂಗ್‌ಹ್ಯಾಮ್ ಪರಿಭಾಷೆಯನ್ನು ಇಂದು ಎಲ್ಲೆಡೆ ಬಳಸುತ್ತಾರೆ. ಅದರ ಮೊದಲ ಪ್ರಶ್ನೆ ಒಂದೇ: ಕಣ್ಣುಗುಡ್ಡೆಯ ಗೋಡೆ ಪೂರ್ತಿ ತೂತಾಗಿದೆಯೇ, ಇಲ್ಲವೇ? ಗೋಡೆ ಎಂದರೆ ಮುಂದಿನ ಪಾರದರ್ಶಕ ಕಾರ್ನಿಯಾ ಮತ್ತು ಅದಕ್ಕೆ ಹೊಂದಿಕೊಂಡ ಬಿಳಿಯ ಶ್ವೇತಪಟಲ. ಕಾರ್ನಿಯಾದ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಗೋಡೆ ಉಳಿದಿದ್ದರೆ ಮುಚ್ಚಿದ ಗಾಯ, ತೂತಾಗಿದ್ದರೆ ತೆರೆದ ಗಾಯ. ತೆರೆದದ್ದರಲ್ಲಿ ಮತ್ತೆ ಎರಡು ಬಗೆ. ಮೊಂಡು ಪೆಟ್ಟಿಗೆ ಒಳಗಿನ ಒತ್ತಡ ಏರಿ ಕಣ್ಣು ತನ್ನ ದುರ್ಬಲ ಜಾಗದಲ್ಲಿ ಒಡೆಯುವುದು ಒಂದು. ಚೂಪಾದ ವಸ್ತು ತಾನು ತಾಗಿದಲ್ಲೇ ಸೀಳುವುದು ಇನ್ನೊಂದು. ಸೀಳಿದ ವಸ್ತು ಒಳಗೇ ಉಳಿಯಬಹುದು, ಆರುಪಾರಾಗಿ ಹಿಂಬದಿಯಿಂದ ಹೊರಬೀಳಲೂಬಹುದು. ಒಡೆದ ಕಣ್ಣಿಗಿಂತ ಸೀಳಿದ ಕಣ್ಣಿಗೆ ದೃಷ್ಟಿ ಮರಳುವ ಸಾಧ್ಯತೆ ಸಾಮಾನ್ಯವಾಗಿ ಹೆಚ್ಚು. ಗಾಯ ಹಿಂದಕ್ಕೆ ಹೋದಷ್ಟೂ ಆಸೆ ಕಡಿಮೆ. ಗಾಯಾಳು ಬಂದ ಕ್ಷಣ ಅವನಿಗೆ ಎಷ್ಟು ಕಾಣುತ್ತಿತ್ತು ಎಂಬುದೇ ಮುಂದೆ ಎಷ್ಟು ಕಾಣಬಹುದು ಎಂಬುದರ ಮುಖ್ಯ ಸೂಚಕ.

ಮುಚ್ಚಿದ ಗಾಯ ಎಂದ ಮಾತ್ರಕ್ಕೆ ಸಣ್ಣ ಗಾಯವಲ್ಲ. ಚೆಂಡು ಬಡಿದ ಕಣ್ಣಿನ ಮುಂಗೋಣೆಯಲ್ಲಿ ರಕ್ತ ತುಂಬಬಹುದು, ಮಸೂರ ಜಾರಬಹುದು ಅಥವಾ ಪೊರೆಗಟ್ಟಬಹುದು, ಅಕ್ಷಿಪಟಲ ಹರಿದು ಕಳಚಿಕೊಳ್ಳಬಹುದು. ಕಣ್ಣಿನ ದ್ರವ ಹರಿದುಹೋಗುವ ಕೋನ ಸೀಳಿದ್ದರೆ ಹತ್ತು ವರ್ಷ ಕಳೆದ ಮೇಲೂ ಗ್ಲಾಕೋಮಾ ಬರಬಹುದು. ನೋವು ಹೋಯಿತು, ಕೆಂಪು ಇಳಿಯಿತು ಎಂದು ಮರೆತವರು ಆ ಹೊತ್ತಿಗೆ ಹಳೆಯ ಪೆಟ್ಟನ್ನು ನೆನೆಸಿಕೊಂಡಿರುವುದಿಲ್ಲ. ಹಾಗಾಗಿ ಜೋರಾಗಿ ಪೆಟ್ಟು ಬಿದ್ದ ಕಣ್ಣನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಿರಬೇಕು.

ಕೆಲಸದ ಜಾಗ

ನಗರದಲ್ಲಿ ಅತಿ ಸಾಮಾನ್ಯ ಗಾಯ ಕಾರ್ನಿಯಾದಲ್ಲಿ ಕೂತ ಕಬ್ಬಿಣದ ಕಣ. ನಾಲ್ಕು ಇಂಚಿನ ಕೈ ಗ್ರೈಂಡರಿನ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಕಿಡಿಯೊಂದಿಗೆ ಹಾರಿದ ಬಿಸಿ ಕಣ ಕಾರ್ನಿಯಾದ ಮೇಲ್ಪದರಕ್ಕೆ ಕಚ್ಚಿಕೊಳ್ಳುತ್ತದೆ, ಮರುದಿನಕ್ಕೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ಶೆಡ್ಡುಗಳಲ್ಲಿ ಇದನ್ನು ಜೊತೆಯ ಕೆಲಸಗಾರನೇ ಬಟ್ಟೆಯ ತುದಿಯಿಂದಲೋ ಕಡ್ಡಿಯಿಂದಲೋ ತೆಗೆಯುವ ಅಭ್ಯಾಸವಿದೆ. ಹತ್ತು ಸಲ ಅದು ಸರಿಹೋಗಬಹುದು. ಹನ್ನೊಂದನೆಯ ಸಲ ಆ ಕಡ್ಡಿಯ ಜೊತೆ ಹೋದ ಸೋಂಕು ಕಣ್ಣನ್ನೇ ತಿನ್ನುತ್ತದೆ.

ಇದಕ್ಕಿಂತ ಮೋಸದ ಗಾಯ ಸುತ್ತಿಗೆ ಮತ್ತು ಉಳಿಯದು. ಲೋಹಕ್ಕೆ ಲೋಹ ಬಡಿದಾಗ ಉಳಿಯ ತಲೆಯಿಂದ ಸಿಡಿದ ಚೂರು ಎಷ್ಟು ವೇಗವಾಗಿ ಒಳಹೊಗುತ್ತದೆ ಎಂದರೆ ನೋವೇ ಇಲ್ಲದಿರಬಹುದು. ತೂತು ತಾನೇ ಮುಚ್ಚಿಕೊಂಡು ದೃಷ್ಟಿಯೂ ಕೆಲ ದಿನ ಚೆನ್ನಾಗಿರಬಹುದು. ಒಳಗುಳಿದ ಕಬ್ಬಿಣ ತಿಂಗಳುಗಳಲ್ಲಿ ಕರಗಿ ಅಕ್ಷಿಪಟಲವನ್ನು ವಿಷವಾಗಿ ಕೊಲ್ಲುತ್ತದೆ; ಶುದ್ಧ ತಾಮ್ರವಾದರೆ ದಿನಗಳಲ್ಲೇ ಉರಿಯೂತ ಎಬ್ಬಿಸುತ್ತದೆ. ಸುತ್ತಿಗೆ ಕೆಲಸದಲ್ಲಿ ಕಣ್ಣಿಗೆ ಏನೋ ತಾಗಿತು ಎಂದು ಯಾರೇ ಹೇಳಿದರೂ, ಕಣ್ಣು ಮೇಲೆ ಚೆನ್ನಾಗಿಯೇ ಕಂಡರೂ, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಆಗಬೇಕು. ಒಳಗೆ ಕಬ್ಬಿಣವಿಲ್ಲ ಎಂದು ಖಾತ್ರಿಯಾಗುವ ತನಕ ಎಂಆರ್‌ಐ ಕೂಡದು, ಏಕೆಂದರೆ ಅದರ ಅಯಸ್ಕಾಂತ ಚೂರನ್ನು ಕಣ್ಣೊಳಗೇ ಎಳೆದಾಡುತ್ತದೆ.

ವೆಲ್ಡಿಂಗ್‌ನ ಬೆಳಕಿನಲ್ಲಿರುವ ನೇರಳಾತೀತ ಕಿರಣ ಕಾರ್ನಿಯಾದ ಮೇಲ್ಪದರವನ್ನು ಸುಡುತ್ತದೆ. ನೋವು ಕೂಡಲೇ ಬರುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದು, ನಡುರಾತ್ರಿ ಕಣ್ಣಿಗೆ ಮರಳು ಸುರಿದಂಥ ಉರಿಯಾಗಿ ಏಳುತ್ತದೆ. ಒಂದೆರಡು ದಿನದಲ್ಲಿ ಇದು ವಾಸಿಯಾಗುತ್ತದೆ. ಬೆಸೆಯುವವನಿಗಿಂತ ಪಕ್ಕದಲ್ಲಿ ಕಬ್ಬಿಣ ಹಿಡಿದು ನಿಂತ ಹುಡುಗನಿಗೆ ಇದು ಹೆಚ್ಚು, ಏಕೆಂದರೆ ಕಪ್ಪು ಗಾಜು ಒಂದೇ ಇರುತ್ತದೆ, ಅದು ಮೇಸ್ತ್ರಿಯ ಕೈಯಲ್ಲಿರುತ್ತದೆ.

1948ರ ಕಾರ್ಖಾನೆ ಕಾಯ್ದೆಯ 35ನೇ ಕಲಂ ಕಣ್ಣಿನ ರಕ್ಷಣೆಗೆಂದೇ ಇತ್ತು: ಕಣ ಹಾರುವ, ಪ್ರಖರ ಬೆಳಕಿರುವ ಕೆಲಸಗಳಲ್ಲಿ ಪರದೆ ಅಥವಾ ಗಾಗಲ್ಸ್ ಒದಗಿಸುವುದು ಮಾಲೀಕರ ಹೊಣೆ. ಆದರೆ ವಿದ್ಯುತ್ ಬಳಸುವ ಘಟಕದಲ್ಲಿ ಹತ್ತು ಮಂದಿಯಾದರೂ ದುಡಿಯುತ್ತಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಮೂರು ಜನರ ಗ್ರಿಲ್ ಶೆಡ್ಡು, ಮೇಸ್ತ್ರಿಯ ಮಾತಿನ ಮೇಲೆ ಬಂದ ಟೈಲ್ಸ್ ಕೆಲಸದವನು ಈ ಲೆಕ್ಕದ ಹೊರಗೇ ಉಳಿದರು. ಗಾಯ ಹೆಚ್ಚಿರುವ ಕಡೆಯೇ ಕಾನೂನಿನ ಕೈ ಎಟುಕದೆ ಹೋದದ್ದು ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಪಾಲಿಕಾರ್ಬೊನೇಟ್ ಗಾಗಲ್ಸ್ ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ. ಬೆವರಿಗೆ ಮಂಜುಗಟ್ಟುತ್ತದೆ, ಗೀರು ಬೀಳುತ್ತದೆ ಎಂದು ಕೆಲಸಗಾರರು ಅದನ್ನು ಹಣೆಯ ಮೇಲಕ್ಕೆ ಸರಿಸುತ್ತಾರೆ ಎಂಬುದೂ ನಿಜ. ಗೀರು ಬಿದ್ದದ್ದನ್ನು ಬದಲಿಸಿ ಕೊಡುವವರಿದ್ದರೆ ಆ ಮಾತಿಗೆ ಎಡೆಯಿರುವುದಿಲ್ಲ.

ರಾಸಾಯನಿಕ

ಆಮ್ಲ ತಾಗಿದಲ್ಲಿ ಪ್ರೋಟೀನು ಹೆಪ್ಪುಗಟ್ಟಿ ಆಳಕ್ಕೆ ಇಳಿಯದಂತೆ ಕೊಂಚ ತಡೆಯಾಗುತ್ತದೆ. ಕ್ಷಾರ ಹಾಗಲ್ಲ, ಜೀವಕೋಶದ ಕೊಬ್ಬನ್ನು ಸಾಬೂನಾಗಿಸುತ್ತ ನಿಮಿಷಗಳಲ್ಲಿ ಕಣ್ಣಿನೊಳಕ್ಕೆ ಹೋಗುತ್ತದೆ. ಸುಣ್ಣ, ಹಸಿ ಸಿಮೆಂಟು, ಕೊಳಾಯಿ ಕಟ್ಟಿದಾಗ ಸುರಿಯುವ ಕಾಸ್ಟಿಕ್ ಸೋಡಾ ಎಲ್ಲವೂ ಕ್ಷಾರ. ಎಲೆಯಡಿಕೆಗೆಂದು ಅಂಗಡಿಯಲ್ಲಿ ಸಿಗುವ ಸುಣ್ಣದ ಸಣ್ಣ ಪ್ಯಾಕೆಟ್ಟನ್ನು ಮಗು ಆಡುತ್ತ ಹಿಸುಕಿದಾಗ ಅದು ನೇರ ಮುಖಕ್ಕೆ ಸಿಡಿಯುತ್ತದೆ. ಭಾರತದ ನೇತ್ರ ಆಸ್ಪತ್ರೆಗಳು ಹಲವು ಬಾರಿ ಎಚ್ಚರಿಸಿರುವ ಗಾಯ ಇದು. ಎರಡೂ ಕಣ್ಣು ಹೋದ ಮಕ್ಕಳಿದ್ದಾರೆ. ಅಜ್ಜಿಯ ಎಲೆಯಡಿಕೆ ಚೀಲವನ್ನು ಕೈಗೆಟುಕದ ಎತ್ತರಕ್ಕೆ ಏರಿಸುವುದಷ್ಟೇ ಇದಕ್ಕೆ ಪರಿಹಾರ.

ಎಕ್ಕದ ಹಾಲು ಇನ್ನೊಂದು ಬಗೆ. ರಥಸಪ್ತಮಿಗೆ ಎಕ್ಕದೆಲೆ, ಆಂಜನೇಯನಿಗೆ ಎಕ್ಕದ ಹೂವಿನ ಹಾರ ಎಂದು ಕಿತ್ತ ಕೈ ಕಣ್ಣಿಗೆ ಹೋದರೆ ನೋವು ಅಷ್ಟಾಗಿ ಇರದೆ ಕಣ್ಣು ಮಂಜಾಗುತ್ತದೆ. ಹಾಲು ಕಾರ್ನಿಯಾದ ಒಳಪದರವನ್ನೇ ಕೆಡಿಸಿರುತ್ತದೆ. ಕಳ್ಳಿಯ ಹಾಲು ಹೊರಪದರಕ್ಕೆ ತೀವ್ರ ಉರಿಯೊಡನೆ ಗಾಯ ಮಾಡುತ್ತದೆ. ಕಂಬಳಿಹುಳುವಿನ ರೋಮ ರೆಪ್ಪೆಯಡಿ ಸಿಕ್ಕಿ ವಾರಗಳ ಕಾಲ ನಿಧಾನವಾಗಿ ಒಳಕ್ಕೆ ಸರಿಯುವುದೂ ಉಂಟು. ಕಣ್ಣಿನ ಔಷಧಿಯೆಂದು ಫೆವಿಕ್ವಿಕ್ ಹನಿ ಹಾಕಿಕೊಂಡು ರೆಪ್ಪೆ ಅಂಟಿಸಿಕೊಂಡು ಬರುವವರು ಎಲ್ಲ ಊರುಗಳಲ್ಲೂ ಇದ್ದಾರೆ.

ಆಸಿಡ್ ದಾಳಿ ಗಾಯವಲ್ಲ, ಅಪರಾಧ. 1999ರಲ್ಲಿ ಬೆಂಗಳೂರಿನ ಯುವತಿಯೊಬ್ಬರ ಮೇಲೆ ನಡೆದ ದಾಳಿಯಲ್ಲಿ ಅವರ ದೃಷ್ಟಿ ಹೋಯಿತು. 2006ರಲ್ಲಿ ಕರ್ನಾಟಕ ಹೈಕೋರ್ಟ್ ಅಪರಾಧಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಗರದ ಮಹಿಳೆಯರು ಸಂಘಟಿಸಿದ ಹೋರಾಟ ಆಸಿಡ್ ದಾಳಿಯನ್ನು ಸಾರ್ವಜನಿಕ ಪ್ರಶ್ನೆಯಾಗಿ ಮಾಡಿತು. 2013ರಲ್ಲಿ ದಂಡಸಂಹಿತೆಗೆ ಪ್ರತ್ಯೇಕ ಕಲಂ ಸೇರಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಟ್ಟುಪಾಡು ವಿಧಿಸಿತು.

ಯಾವುದೇ ರಾಸಾಯನಿಕ ಬಿದ್ದರೂ ಮೊದಲ ಚಿಕಿತ್ಸೆ ನೀರು, ಅದೂ ಅಲ್ಲೇ, ಆಗಲೇ. ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ನಲ್ಲಿ ನೀರು ಹರಿಸಬೇಕು, ಆಮೇಲೆ ಆಸ್ಪತ್ರೆ. ಸುಣ್ಣವಾದರೆ ಮೇಲ್ರೆಪ್ಪೆಯಡಿ ಅಂಟಿದ ಕಣಗಳನ್ನು ವೈದ್ಯರು ರೆಪ್ಪೆ ಮಗುಚಿ ತೆಗೆಯಬೇಕು. ಹೀಗೆ ಸುಟ್ಟ ಕಣ್ಣಿನಲ್ಲಿ ಕಾರ್ನಿಯಾದ ಅಂಚಿನ ಮೂಲಕೋಶಗಳು ಸತ್ತಿರುತ್ತವೆ. ಬರೀ ಕಾರ್ನಿಯಾ ಕಸಿ ಉಳಿಯುವುದಿಲ್ಲ. ಇನ್ನೊಂದು ಕಣ್ಣಿನಿಂದ ಚೂರೇ ಚೂರು ಅಂಗಾಂಶ ತೆಗೆದು ಕೂರಿಸಿ ಬೆಳೆಸುವ ಸರಳ ವಿಧಾನವನ್ನು ಹೈದರಾಬಾದಿನ ವೀರೇಂದ್ರ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಒಂದೇ ಕಣ್ಣು ಸುಟ್ಟವರಿಗೆ ಅದು ದೊಡ್ಡ ಆಸರೆಯಾಗಿದೆ.

ದೀಪಾವಳಿ

ಕಾಲಕ್ಕೆ ಕಟ್ಟುಬಿದ್ದ ಗಾಯ ಎಂದರೆ ಪಟಾಕಿಯದು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ 1896ರಲ್ಲಿ ಆರಂಭವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಪ್ರತಿ ದೀಪಾವಳಿಗೆ ಅಲ್ಲಿ ಹಾಸಿಗೆ ಕಾದಿರಿಸಿ, ವೈದ್ಯರು ಹಗಲಿರುಳು ಸಿದ್ಧರಿರುತ್ತಾರೆ. ನಾರಾಯಣ ನೇತ್ರಾಲಯ, ಶಂಕರ ಕಣ್ಣಿನ ಆಸ್ಪತ್ರೆಗಳಲ್ಲೂ ಆ ದಿನಗಳು ಹಾಗೆಯೇ. ಬರುವವರಲ್ಲಿ ಬಹಳ ಮಂದಿ ಮಕ್ಕಳು, ಅದರಲ್ಲೂ ಗಂಡುಮಕ್ಕಳು. ಇನ್ನೊಂದು ಸಂಗತಿ ಓದುಗರು ಗಮನಿಸಬೇಕು: ಗಾಯಾಳುಗಳಲ್ಲಿ ದೊಡ್ಡ ಪಾಲು ಪಟಾಕಿ ಹಚ್ಚಿದವರದ್ದಲ್ಲ, ನೋಡುತ್ತ ನಿಂತವರದ್ದು ಅಥವಾ ದಾರಿಯಲ್ಲಿ ಹೋಗುತ್ತಿದ್ದವರದ್ದು.

ಪಟಾಕಿಯ ಗಾಯ ಏಕಕಾಲಕ್ಕೆ ಪೆಟ್ಟು, ಸುಟ್ಟ ಗಾಯ, ರಾಸಾಯನಿಕ ಗಾಯ ಮೂರೂ ಆಗಿರುತ್ತದೆ; ಮದ್ದಿನ ಪುಡಿ, ಕಾಗದ, ಕಲ್ಲಿನ ಚೂರು ಕಣ್ಣಿಗೆ ನಾಟಿರುತ್ತವೆ. ಹೂಕುಂಡ ಹತ್ತಲಿಲ್ಲವೆಂದು ಬಗ್ಗಿ ನೋಡುವಾಗ ಮುಖಕ್ಕೇ ಸಿಡಿಯುತ್ತದೆ. ಬಾಟಲಿಯಲ್ಲಿಟ್ಟ ರಾಕೆಟ್ ವಾಲಿ ಜನರತ್ತ ನುಗ್ಗುತ್ತದೆ. ಬಾಂಬಿನ ಮೇಲೆ ಡಬ್ಬಿ, ತೆಂಗಿನ ಚಿಪ್ಪು ಮುಚ್ಚಿ ಹಚ್ಚಿದರೆ ಅದೇ ಚೂರಾಗಿ ಹಾರುತ್ತದೆ. ಠುಸ್ ಎಂದ ಪಟಾಕಿಗಳನ್ನು ಮರುದಿನ ಬೆಳಗ್ಗೆ ಹೆಕ್ಕಿ ಮದ್ದು ಸುರಿದು ಬೆಂಕಿಯಿಡುವ ಮಕ್ಕಳೂ ಪ್ರತಿ ವರ್ಷ ಸಿಗುತ್ತಾರೆ. ಹಬ್ಬ ಮುಗಿದ ಮೇಲೆ ದೊಡ್ಡವರ ಕಣ್ಗಾವಲು ಸಡಿಲವಾದ ಹೊತ್ತು ಅದು. 2018ರಲ್ಲಿ ಸುಪ್ರೀಂ ಕೋರ್ಟ್ ಕಡಿಮೆ ಹೊಗೆಯ ಪಟಾಕಿಗಳನ್ನು ಮಾತ್ರ, ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಸುಡಬೇಕು ಎಂದಿತು. ಹಸಿರು ಪಟಾಕಿ ಎನ್ನುವ ಇದರಿಂದ ಗಾಳಿಗೆ ಕೆಡುಕು ಕಡಿಮೆ. ಕಣ್ಣಿಗೆ ಅದೂ ಪಟಾಕಿಯೇ.

ಆಟ, ಮನೆ, ರಸ್ತೆ

ಮಕ್ಕಳ ಗಾಯ ಏಪ್ರಿಲ್–ಮೇ ರಜೆಯಲ್ಲಿ ಏರುತ್ತದೆ. ಚಿನ್ನಿದಾಂಡಿನ ಚಿನ್ನಿ, ಪೊರಕೆಕಡ್ಡಿಯ ಬಾಣ, ಕ್ಯಾಟರ್‌ಬಿಲ್ಲಿನ ಕಲ್ಲು, ಪೆನ್ಸಿಲ್, ಕೈವಾರದ ಮೊನೆ ಹಳೆಯ ಶತ್ರುಗಳು. ಎಂಟು ವರ್ಷದೊಳಗಿನ ಮಗುವಿನಲ್ಲಿ ಗಾಯಕ್ಕೆ ಹೊಲಿಗೆ ಹಾಕಿ ಮಸೂರ ಕೂರಿಸಿದರೂ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಡುವ ಅಪಾಯವಿದೆ. ಹೀಗಾಗಿ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕು. ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯವಾದ ಈ ಕೆಲಸ ತಾಯ್ತಂದೆಯರ ಪಾಲಿನದು.

ಅಪಾರ್ಟ್‌ಮೆಂಟುಗಳ ಷಟಲ್ ಅಂಗಳ ಹೊಸ ಅಪಾಯ. ಕ್ರಿಕೆಟ್ ಚೆಂಡಿನ ಅಡ್ಡಳತೆ ಏಳು ಸೆಂಟಿಮೀಟರಿಗೂ ಹೆಚ್ಚು, ಪೆಟ್ಟಿನ ಬಹುಪಾಲನ್ನು ಸುತ್ತಲ ಮೂಳೆ ತಡೆದುಕೊಳ್ಳುತ್ತದೆ. ಷಟಲ್‌ನ ಬುಡ 25ರಿಂದ 28 ಮಿಲಿಮೀಟರ್. ಕಣ್ಣಿನ ಗೂಡಿನೊಳಗೆ ಸಲೀಸಾಗಿ ಹೋಗುತ್ತದೆ. ಡಬಲ್ಸ್‌ನಲ್ಲಿ ನೆಟ್ ಬಳಿ ನಿಂತವರು ಹಿಂದಿನ ಜೊತೆಗಾರನ ಹೊಡೆತ ನೋಡಲು ತಿರುಗಿದಾಗಲೇ ಹೆಚ್ಚಾಗಿ ಪೆಟ್ಟು ಬೀಳುವುದು. ಕ್ರಿಕೆಟ್ಟೂ ಸುರಕ್ಷಿತವಲ್ಲ. 2000ದಲ್ಲಿ ಢಾಕಾದ ಏಷ್ಯಾ ಕಪ್ ಪಂದ್ಯದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಅವರ ಎಸೆತವೊಂದು ವಿಕೆಟ್ ಕೀಪರ್ ಸಬಾ ಕರೀಂ ಅವರ ಬಲಗಣ್ಣಿಗೆ ತಾಗಿತು. 2012ರಲ್ಲಿ ಟಾಂಟನ್‌ನಲ್ಲಿ ಹಾರಿದ ಬೇಲ್ ಮಾರ್ಕ್ ಬೌಷರ್ ಅವರ ಕಣ್ಣು ಸೀಳಿತು. ಬೌಷರ್ ಅವರ ಆಟ ಅದರೊಂದಿಗೆ ಮುಗಿಯಿತು. ರಸ್ತೆಯ ಗಾಯಕ್ಕೂ ಕ್ರಿಕೆಟ್ಟಿನಲ್ಲೇ ಉದಾಹರಣೆಯಿದೆ: ಮನ್ಸೂರ್ ಅಲಿ ಖಾನ್ ಪಟೌಡಿ 1961ರಲ್ಲಿ ಹೋವ್‌ನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಗಾಜಿನ ಚೂರಿನಿಂದ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಮರುವರ್ಷವೇ 21ರ ಪ್ರಾಯದಲ್ಲಿ ಭಾರತದ ನಾಯಕರಾದರು. ಅಂಥ ಧೈರ್ಯ ಎಲ್ಲರಿಗೂ ಒದಗುವುದಿಲ್ಲ. ಸೀಟ್ ಬೆಲ್ಟ್ ಎಲ್ಲರಿಗೂ ಒದಗುತ್ತದೆ.

ಮನೆಯೊಳಗೆ ಒಗ್ಗರಣೆಯ ಎಣ್ಣೆ, ಒಡೆದ ತೆಂಗಿನಕಾಯಿಯ ಚಿಪ್ಪು, ಬೈಕಿನ ಹಿಂದೆ ಸಾಮಾನು ಕಟ್ಟುವ ಎಲಾಸ್ಟಿಕ್ ಹಗ್ಗದ ಕೊಕ್ಕೆ. ಹೆಂಗಸರ ಕಣ್ಣಿನ ಸುತ್ತ ಕಪ್ಪುಗಟ್ಟಿದಾಗ ಬಾಗಿಲು ತಾಗಿತು ಎಂಬ ಉತ್ತರವನ್ನು ವೈದ್ಯರು ಸುಮ್ಮನೆ ನಂಬಬಾರದು. ಮುಷ್ಟಿಯ ಪೆಟ್ಟಿಗೆ ಕಣ್ಣಿನ ಗೂಡಿನ ತೆಳುವಾದ ತಳದ ಮೂಳೆ ಮುರಿದಿರಬಹುದು. ಮೇಲಕ್ಕೆ ನೋಡಿದರೆ ಎರಡೆರಡು ಕಾಣುವುದು ಅದರ ಗುರುತು.

ಎರಡನೆಯ ಗಾಯ

ಅನೇಕ ಕಣ್ಣುಗಳನ್ನು ಕಳೆಯುವುದು ಮೊದಲ ಪೆಟ್ಟಲ್ಲ, ಅನಂತರದ ದಿನಗಳು. ಭತ್ತದ ಗರಿ ಗೀರಿದ ಕಾರ್ನಿಯಾಕ್ಕೆ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರ ಹತ್ತುವುದು ದಕ್ಷಿಣ ಭಾರತದಲ್ಲಿ ಸಾಮಾನ್ಯ. ಅದಕ್ಕೆ ಎದೆಹಾಲು, ಹರಳೆಣ್ಣೆ, ಜೇನು, ನಂದಿಬಟ್ಟಲ ಹೂವಿನ ರಸ ಬಿಡುತ್ತಾರೆ. ನಗರದವರು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಡ್ರಾಪ್ಸ್ ಕೊಳ್ಳುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ತಗ್ಗಿ ಸುಖವೆನಿಸುತ್ತದೆ, ಶಿಲೀಂಧ್ರ ಒಳಗೆ ಹಬ್ಬುತ್ತದೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಗೀರು ಬಿದ್ದ ಕಣ್ಣಿಗೆ 18 ಗಂಟೆಯೊಳಗೆ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದಾಗ ಒಂದು ಕಣ್ಣಿಗೂ ಹುಣ್ಣಾಗಲಿಲ್ಲ ಎಂದು 2001ರಲ್ಲಿ ವರದಿಯಾಯಿತು. ನಮ್ಮ ಆಶಾ ಕಾರ್ಯಕರ್ತೆಯರ ಚೀಲಕ್ಕೆ ಅಂಥ ಮುಲಾಮು ಸೇರುವುದು ಯೋಗ್ಯ.

ಕಣ್ಣು ತೂತಾಗಿದೆ ಎಂಬ ಸಂಶಯವಿದ್ದರೆ ತೊಳೆಯಬಾರದು, ಒತ್ತಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು. ಕಾಗದದ ಲೋಟದ ತಳ ಕತ್ತರಿಸಿ ಕಣ್ಣಿಗೆ ತಾಗದಂತೆ ಸುತ್ತಲ ಮೂಳೆಯ ಮೇಲೆ ಕೂರಿಸಿ ಅಂಟಿಸಬೇಕು. ಅರಿವಳಿಕೆ ಬೇಕಾಗುವುದರಿಂದ ಏನನ್ನೂ ತಿನ್ನಿಸದೆ ಕರೆದೊಯ್ಯಬೇಕು; 24 ಗಂಟೆಯೊಳಗೆ ಹೊಲಿಗೆ ಬಿದ್ದರೆ ಒಳಸೋಂಕಿನ ಅಪಾಯ ಇಳಿಯುತ್ತದೆ. ಅಪರೂಪಕ್ಕೆ ಗಾಯಗೊಂಡ ಕಣ್ಣಿನ ನೆಪದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಒಳ್ಳೆಯ ಕಣ್ಣಿನ ಮೇಲೂ ತಿರುಗಿಬೀಳುತ್ತದೆ. ಲೂಯಿ ಬ್ರೈಲ್ ಮೂರು ವರ್ಷದವನಿದ್ದಾಗ 1812ರಲ್ಲಿ ತಂದೆಯ ಚರ್ಮದ ಕೆಲಸದ ಕೊಟ್ಟಡಿಯಲ್ಲಿ ದಬ್ಬಣ ಚುಚ್ಚಿಕೊಂಡದ್ದು ಒಂದೇ ಕಣ್ಣಿಗೆ. ಐದು ತುಂಬುವಷ್ಟರಲ್ಲಿ ಎರಡೂ ಹೋಗಿದ್ದವು.

ಗಾಯದಿಂದ ಬಿಳಿ ಕಲೆ ಉಳಿದ ಕಾರ್ನಿಯಾಕ್ಕೆ ದಾನವಾಗಿ ಬಂದ ಕಣ್ಣು ಬೇಕು. 'ಬೇಡರ ಕಣ್ಣಪ್ಪ'ನಾಗಿ ಚಿತ್ರರಂಗದಲ್ಲಿ ನೆಲೆಯೂರಿದ ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಮಗ ಪುನೀತ್ ಅವರ ಕಾರ್ನಿಯಾಗಳನ್ನು ಪದರ ಬೇರ್ಪಡಿಸಿ ನಾಲ್ವರಿಗೆ ಕೂರಿಸಲಾಯಿತು.

ಒಂದು ಕಣ್ಣು ಹೋದ ಕಾರ್ಮಿಕನಿಗೆ ಕಾನೂನು ಕೊಡುವುದು ಅಲ್ಪ. 1923ರ ಪರಿಹಾರ ಕಾಯ್ದೆ, ಇನ್ನೊಂದು ಕಣ್ಣು ಸರಿಯಿದ್ದರೆ, ಒಂದು ಕಣ್ಣಿನ ದೃಷ್ಟಿನಾಶಕ್ಕೆ ಗಳಿಕೆಯ ಶಕ್ತಿಯಲ್ಲಿ ಶೇ. 30, ಕಣ್ಣುಗುಡ್ಡೆಯೇ ಹೋದರೆ ಶೇ. 40 ನಷ್ಟವೆಂದು ಎಣಿಸಿತ್ತು. ಅದನ್ನು ಪಡೆಯಲೂ ಮಾಲೀಕನ ಬಳಿ ದುಡಿದ ದಾಖಲೆ ಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಮೀಸಲಾತಿಗೆ ಕನಿಷ್ಠ ಶೇ. 40 ನ್ಯೂನತೆ ಇರಬೇಕು. ಒಂದೇ ಕಣ್ಣು ಕುರುಡಾದವರಿಗೆ ವೈದ್ಯಕೀಯ ಮಂಡಳಿ ಬರೆದುಕೊಡುವುದು ಶೇ. 30.